ತಕ್ಕಡಿ ಭಾವನ ನಾಲ್ಕು ಬೆರಳು

ನಮ್ಮ ಭಾವನಿಗೆ ಊರೆಲ್ಲ ತಕ್ಕಡಿ ಭಾವ ಎಂದೇ ಹೆಸರು. ನ್ಯಾಯವಾಗಿ ಅವರು ಭಾವ ಆಗಬೇಕಾದದ್ದು ನನಗೊಬ್ಬಳಿಗೆ, ಯಾಕೆಂದರೆ ಅವರು ಕಟ್ಟಿಕೊಂಡಿರುವುದು ನನ್ನ ಅಕ್ಕನನ್ನು. ಆದರೆ ನಾನು ಬೀದಿಯಲ್ಲಿ ನಿಂತು "ಭಾವಾ" ಎಂದು ಕೂಗಿ ಕೂಗಿ, ಮೊದಲು ಮಾರ್ಕೆಟ್ಟಿನವರು, ಆಮೇಲೆ ಅಂಚೆ ಕಚೇರಿಯವರು, ಕೊನೆಗೆ ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಔಷಧಿ ಅಂಗಡಿಯ ಮುದುಕರೂ ಹಾಗೇ ಕರೆಯಲು ಶುರುಮಾಡಿದರು. ಕಸುಬು ತಕ್ಕಡಿ ರಿಪೇರಿ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಒಂದು ಬೆಂಚು, ಅದಕ್ಕೆ ಬಿಗಿದ ಒಂದು ಇಕ್ಕಳ, ಗೋಡೆಗೆ ಸಾಲಾಗಿ ನೇತುಹಾಕಿದ ಅರಗಳು, ಗಾಜಿನ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು. ಅವರು ನೋಡಿಕೊಟ್ಟ ತಕ್ಕಡಿಯ ಮುಳ್ಳು ನಡುವಿನಲ್ಲಿ ನಿಂತಿತು ಎಂದರೆ ಅದಕ್ಕೆ ಎರಡನೇ ಮಾತಿಲ್ಲ.

ಅಳತೆ ಎಂದರೆ ಅವರಿಗೆ ಪ್ರಾಣ. ಅಕ್ಕ ಊಟಕ್ಕೆ ಬಡಿಸಿ, "ಒಂದು ಚಿಟಿಕೆ ಉಪ್ಪು ಜಾಸ್ತಿ ಆಯ್ತಾ?" ಎಂದು ಕೇಳಿದರೆ, "ಯಾರ ಚಿಟಿಕೆ?" ಎಂದು ಕೇಳುವ ಆಸಾಮಿ. ನಾನೂ ಅಳತೆಯವಳೇ. ಅವರ ಮನೆಯಿಂದ ಮೂರನೆಯದು ನನ್ನ ಹೊಲಿಗೆ ಅಂಗಡಿ. ಆದರೆ ನನ್ನ ಕಸುಬಿನಲ್ಲಿ ಅರ್ಧ ಇಂಚು ಹೆಚ್ಚುಕಡಿಮೆಯಾದರೆ ಬಟ್ಟೆ ಹಿಗ್ಗುತ್ತದೆ, ಇಲ್ಲವೇ ಗಿರಾಕಿ ಉಸಿರು ಹಿಡಿಯುತ್ತಾರೆ. ಭಾವನ ಲೋಕದಲ್ಲಿ ಯಾವುದೂ ಹಿಗ್ಗುವುದಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅವರು ನನಗಿಟ್ಟ ಹೆಸರು ಕತ್ತರಿ.

ಇಷ್ಟು ಸಾಧು ಮನುಷ್ಯನಿಗೆ ಹಳೇ ಬಂದೂಕಿನ ಹುಚ್ಚು ಹಿಡಿದದ್ದು ಒಂದು ಗುಜರಿ ಅಂಗಡಿಯಲ್ಲಿ. ಅಲ್ಲಿನ ದೊಡ್ಡ ತಕ್ಕಡಿಯ ಮುಳ್ಳು ಆಡುವುದಿಲ್ಲ ಎಂದು ಕರೆಸಿದ್ದರು. ಭಾವ ಹಲಗೆ ಎತ್ತಿ ನೋಡಿದರೆ, ಕೆಳಗೆ ಅಡ್ಡ ಸಿಕ್ಕಿಹಾಕಿಕೊಂಡಿದ್ದದ್ದು ತುಕ್ಕು ಹಿಡಿದ ಒಂದು ಸಿಪಾಯಿ ಬಂದೂಕು. ಅದರ ನಳಿಕೆಯ ಬೆನ್ನ ಮೇಲೆ ಬೆರಳುದ್ದದ ಒಂದು ಕಬ್ಬಿಣದ ಕದ. ಕದಕ್ಕೊಂದು ಕೀಲು. ಭಾವ ಉಗುರಿನಿಂದ ಎತ್ತಿದರು, ಅದು ಕಿರ್ರ್ ಎಂದು ತೆರೆದುಕೊಂಡಿತು. ಅಷ್ಟೇ, ಆ ದಿನ ಮನುಷ್ಯ ಮನೆಗೆ ಬಂದದ್ದು ಬೇರೆ ಮುಖ ಹೊತ್ತುಕೊಂಡು. ಪೇಪರಿನಲ್ಲಿ ಸುತ್ತಿ ತಂದ ಬಂದೂಕು ಕಂಡು ಅಕ್ಕ ಮೂರು ದಿನ ಮಾತು ಬಿಟ್ಟಳು.

ಅದರ ವಿಷಯ ಭಾವ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹಿಂದೆ ಸಿಪಾಯಿಗಳು ಬಂದೂಕಿಗೆ ಎಲ್ಲವನ್ನೂ ಬಾಯಿಂದಲೇ ತುಂಬಬೇಕಿತ್ತಂತೆ. ನಳಿಕೆಯ ಬಾಯಿಗೆ ಮದ್ದು ಸುರಿದು, ಗುಂಡು ಬಿಟ್ಟು, ಉದ್ದನೆಯ ಗಜದಿಂದ ಜಡಿದು ಕೂರಿಸಬೇಕು. ಅಷ್ಟರಲ್ಲಿ ಎದುರಿನವನು ಅರ್ಧ ಮೈದಾನ ದಾಟಿರುತ್ತಿದ್ದ. ಆಮೇಲೆ ಮದ್ದು ಗುಂಡು ಒಟ್ಟಿಗೇ ಇರುವ ತೋಟಾವನ್ನು ಹಿಂದಿನಿಂದ ತುಂಬುವ ಹೊಸ ಬಂದೂಕು ಬಂತು. ಉಗ್ರಾಣಗಳಲ್ಲಿ ಹಳೆಯವು ಲಕ್ಷಗಟ್ಟಲೆ ಬಿದ್ದಿದ್ದವು, ಬಿಸಾಡಲು ಯಾವ ಸರ್ಕಾರಕ್ಕೂ ಮನಸ್ಸಿಲ್ಲ. ಹಾಗಾಗಿ ನಳಿಕೆಯ ಬಾಲದ ಕಡೆ ಕೊರೆದು, ಅಲ್ಲೊಂದು ಕದ ಕೂರಿಸಿ, ಹಳೆಯದನ್ನೇ ಹೊಸದು ಮಾಡಿಬಿಟ್ಟರು.

"ಒಂದೊಂದಕ್ಕೂ ಎರಡೆರಡು ಹುಟ್ಟಿದ ದಿನ ನೋಡು ಕತ್ತರಿ," ಎನ್ನುತ್ತಿದ್ದರು ಭಾವ. "ಬಂದೂಕು ಮಾಡಿದ ಇಸವಿ ಇಲ್ಲಿ. ಕದ ಕೂರಿಸಿದ ಇಸವಿ ಅಲ್ಲಿ. ನಡುವೆ ಹನ್ನೊಂದು ವರ್ಷ. ಬಿಸಾಡ್ದೆ ಬಳಸಿದ್ದಾರೆ, ಎಂಥಾ ಬುದ್ಧಿ!"

ಒಳಗಿನಿಂದ ಅಕ್ಕನ ದನಿ ಬರುತ್ತಿತ್ತು. "ಹಾಗಿದ್ರೆ ನನ್ನ ಸೊಂಟಕ್ಕೂ ಒಂದು ಕದ ಇಡ್ಸಿ. ಅರವತ್ತಾಯ್ತು, ಬಿಸಾಡಬೇಡಿ."

ಹತ್ತು ವರ್ಷದಲ್ಲಿ ಹನ್ನೊಂದು ಬಂದೂಕು ಸೇರಿದವು. ಎಲ್ಲವೂ ಕದದವೇ. ಪೊಲೀಸರ ಬಳಿ ಒಂದೊಂದನ್ನೂ ತೋರಿಸಿ, ಹಳೇ ವಸ್ತು ಎಂದು ಕಾಗದ ಮಾಡಿಸಿ, ನಡುಮನೆಯ ಗೋಡೆಗೆ ಮರದ ಗೂಟ ಹೊಡೆದು ಸಾಲಾಗಿ ಮಲಗಿಸಿದರು. ಯಾವುದು ಯಾವ ಕಾಲದ್ದು, ಯಾವ ಪಡೆಯದ್ದು ಎಂದು ಗುರುತು ಹಚ್ಚುವುದೇ ಅವರ ಭಾನುವಾರ. ಕಬ್ಬಿಣದ ಮೇಲಿನ ಮುದ್ರೆಗಳ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವರು. ಭೂತಗನ್ನಡಿ ಹಿಡಿದು ಒಂದು ಅಕ್ಷರದ ಬಾಲವನ್ನು ಅರ್ಧ ದಿನ ನೋಡುವರು. ಅಕ್ಕ ಆ ಬಂದೂಕುಗಳಿಗೆ ಸವತಿಯರು ಎಂದು ಹೆಸರಿಟ್ಟಿದ್ದಳು. ಧೂಳು ಒರೆಸುವವಳು ಮಾತ್ರ ಅವಳೇ.

ಇಲ್ಲೊಂದು ವಿಷಯ ನೀವು ತಿಳಿದುಕೊಳ್ಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಳೇ ಬಂದೂಕು ಕೈಗೆ ಬಂದರೆ ಮೊದಲು ನೋಡಬೇಕಾದದ್ದು ಅದರ ಅಂದವನ್ನಲ್ಲ, ಹೊಟ್ಟೆಯನ್ನು. ನೂರು ವರ್ಷದ ಹಿಂದೆ ಯಾರೋ ತುಂಬಿಟ್ಟು ಮರೆತಿರಬಹುದು. ಭಾವ ಒಂದು ನೆಟ್ಟನೆಯ ಬೆತ್ತದ ಕಡ್ಡಿಯನ್ನು ನಳಿಕೆಯ ಬಾಯಿಗೆ ಬಿಡುವರು. ಅದು ತಳ ಮುಟ್ಟಿದ ಕೂಡಲೇ ಬಾಯಿಯ ಬಳಿ ಬೆರಳಿನಿಂದ ಹಿಡಿದು, ಹೊರತೆಗೆದು, ಅಷ್ಟೇ ಉದ್ದವನ್ನು ನಳಿಕೆಯ ಹೊರಮೈಗೆ ಹಿಡಿಯುವರು. ಕದವಿಲ್ಲದ ಬಂದೂಕಾದರೆ ಕಡ್ಡಿ ಹೆಚ್ಚುಕಡಿಮೆ ಬಾಲದವರೆಗೆ ಹೋಗಬೇಕು, ಒಂದು ಬೆರಳಷ್ಟು ಮಾತ್ರ ಬಾಕಿ. ಅದು ತಳದ ತಿರುಪಿನ ದಪ್ಪ. ಕದದ ಬಂದೂಕಾದರೆ ಕದವೇ ಅಷ್ಟು ಜಾಗ ತಿನ್ನುವುದರಿಂದ ಕಡ್ಡಿ ನಾಲ್ಕು ಬೆರಳು ಮುಂಚೆಯೇ ನಿಲ್ಲುತ್ತದೆ. ಅದಕ್ಕಿಂತ ಮುಂಚೆ ನಿಂತರೆ ಒಳಗೆ ಏನೋ ಇದೆ ಎಂದು ಅರ್ಥ.

ಅಳೆದು ಆದಮೇಲೆ ಒಂದು ರಟ್ಟಿನ ಚೀಟಿ ಬರೆದು ದಾರದಿಂದ ಕಟ್ಟುವರು. ಇಸವಿ, ಮುದ್ರೆ, ಕದದ ಬಗೆ, ಎಲ್ಲಿ ಸಿಕ್ಕಿತು ಎಂಬುದು. ಕೊನೆಯ ಸಾಲು ಹನ್ನೊಂದರಲ್ಲೂ ಒಂದೇ: "ಅಳೆದಿದ್ದೇನೆ. ಖಾಲಿ." ಕೆಳಗೆ ಸಹಿ.

ಅವುಗಳಲ್ಲಿ ಏಳನೆಯದು ಒಂದು ಹಳೇ ಬಂಗಲೆಯ ಕಾವಲುಗಾರನ ಕೋಣೆಯಿಂದ ಬಂದದ್ದು. ಕದ ಇತ್ತು, ಕೀಲೂ ಇತ್ತು, ಆದರೆ ತೆರೆಯುತ್ತಿರಲಿಲ್ಲ. ಭಾವ ಒಂದು ತಿಂಗಳು ಹನಿ ಹನಿ ಎಣ್ಣೆ ಬಿಟ್ಟರು. ಜಪ್ಪಯ್ಯ ಎಂದರೂ ಅಲುಗಲಿಲ್ಲ. "ತುಕ್ಕು ಕಚ್ಚಿದೆ. ಬಲವಂತ ಮಾಡಿದ್ರೆ ಮುರಿಯುತ್ತೆ, ಇರಲಿ," ಎಂದು ಬಿಟ್ಟರು. ಕಡ್ಡಿ ಹಾಕಿದರೆ ಸರಿಯಾಗಿ ನಾಲ್ಕು ಬೆರಳು. ಚೀಟಿ ಕಟ್ಟಿದರು.

ಈಗ ನಮ್ಮವರ ವಿಷಯ. ನಮ್ಮ ಯಜಮಾನರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು. ಕಚೇರಿಯವರೆಲ್ಲ ಸೇರಿ ಒಂದು ನಾಟಕ ಆಡುವುದೆಂದು ನಿರ್ಧಾರವಾಯಿತು. ಸೈನ್ಯ ಬಿಟ್ಟು ಓಡಿಹೋದ ಸಿಪಾಯಿಯ ಪಾತ್ರ ನಮ್ಮವರಿಗೆ ಬಂತು, ಯಾಕೆಂದರೆ ಓಡಿಹೋದವನ ಹಾಗೆ ಸಣಕಲಾಗಿರುವವರು ಅಲ್ಲಿ ಇವರೊಬ್ಬರೇ. ಎರಡನೇ ಅಂಕದ ಕೊನೆಯಲ್ಲಿ ಇವರನ್ನು ಗೋಡೆಗೆ ನಿಲ್ಲಿಸಿ ದಳಪತಿ ಗುಂಡು ಹೊಡೆಯಬೇಕು. ದಳಪತಿ ಯಾರು? ಸಾಕ್ಷಾತ್ ಪೋಸ್ಟ್ ಮಾಸ್ಟರ್. ಮರದ ಬಂದೂಕು ಮಾಡಿಸಿ ನೋಡಿದರು, ಅದು ಒನಕೆಯ ಹಾಗೆ ಕಂಡಿತು. ನಮ್ಮವರು ಹೋಗಿ ಭಾವನ ಮುಂದೆ ಹಲ್ಲು ಕಿರಿದರು.

ಭಾವ ಯೋಚಿಸಿ ಯೋಚಿಸಿ ಏಳನೆಯದನ್ನು ಕೊಟ್ಟರು. ಅದರ ಕದ ತೆರೆಯದ ಕಾರಣ ಮುರಿಯುವ ಭಯವಿಲ್ಲ. ಮೇಲಾಗಿ ಕಿಡಿ ಹೊತ್ತಿಸುವ ಕೇಪು ಕೂರಿಸುವ ಪುಟ್ಟ ಕೊಳವೆ ಇನ್ನೂ ಚೆನ್ನಾಗಿತ್ತು. ಅದರೊಳಗೆ ಕಿಡಿಯನ್ನು ನಳಿಕೆಯ ತಳಕ್ಕೆ ಒಯ್ಯಲು ಸೂಜಿ ಹೋಗುವಷ್ಟು ಒಂದು ತೂತು, ಅದಕ್ಕೆ ಭಾವ ಕಿವಿ ಎನ್ನುತ್ತಾರೆ. ಮಕ್ಕಳ ಪಿಸ್ತೂಲಿನ ಕೆಂಪು ಕೇಪನ್ನು ಅದರ ಮೇಲಿಟ್ಟು ಕುದುರೆ ಎಳೆದರೆ ಸುತ್ತಿಗೆ ಬಿದ್ದು ಫಟ್ ಎನ್ನುತ್ತದೆ, ಅಷ್ಟು ಸಾಕು ನಾಟಕಕ್ಕೆ.

"ಖಾಲಿನೇ. ಆದ್ರೂ ಮನುಷ್ಯನ ಕಡೆ ತಿರುಗಿಸಬಾರದು," ಎಂದು ಪೋಸ್ಟ್ ಮಾಸ್ಟರಿಗೆ ತಾಕೀತು ಮಾಡಿದರು. "ಎರಡು ಮಾರು ಪಕ್ಕಕ್ಕೆ ಗುರಿ ಇಡಿ. ನೋಡೋರಿಗೆ ಗೊತ್ತಾಗಲ್ಲ."

"ಆಗ್ಲಿ ಆಗ್ಲಿ ಭಾವ, ನನಗೆ ಬಿಡಿ," ಎಂದರು ಪೋಸ್ಟ್ ಮಾಸ್ಟರ್.

ಒಂದು ತಿಂಗಳು ನಮ್ಮ ಮನೆಯಲ್ಲಿ ನಮ್ಮವರು ಸತ್ತದ್ದೇ ಸತ್ತದ್ದು. ಬೆಳಿಗ್ಗೆ ಹಲ್ಲುಜ್ಜುತ್ತಾ ಒಂದು ಸಲ, ಕಚೇರಿಯಿಂದ ಬಂದು ಒಂದು ಸಲ. ಮೊದಲು ಕೈ ಮುಂದೆ ಚಾಚಿ, ಬೀಳುವ ಜಾಗ ನೋಡಿಕೊಂಡು, ಮೊಣಕಾಲು ಊರಿ, ನಿಧಾನಕ್ಕೆ ಮಲಗುವರು. "ಗುಂಡು ತಿಂದೋರು ಹಾಸಿಗೆ ಹುಡುಕಲ್ಲ ರೀ," ಎಂದು ನಾನು ಎಷ್ಟು ಬೈದರೂ ಅದೇ ರಾಗ.

ನಾಟಕದ ಭಾನುವಾರ ಬಂತು. ಮಧ್ಯಾಹ್ನ ಮೂರಕ್ಕೆ ಆಟ. ಬೆಳಿಗ್ಗೆ ಒಂಬತ್ತಕ್ಕೆ ಪೋಸ್ಟ್ ಮಾಸ್ಟರ್ ನನ್ನ ಅಂಗಡಿ ಬಾಗಿಲಿಗೆ ಬಂದು ನಿಂತರು.

"ಅಮ್ಮಾ, ಒಂದು ಸಣ್ಣ ಸೂಜಿ ಕೊಡಿ. ಬಂದೂಕಿನ ಸದ್ದು ಪುಸ್ ಅಂತಿದೆ. ಅದರ ತೂತಿನಲ್ಲಿ ಕೊಳೆ ಕೂತಿದೆ, ತೆಗೀತೀನಿ."

ನಾನು ನನ್ನ ಸೂಜಿಗಳನ್ನು ಯಾರಿಗೂ ಕೊಡುವವಳಲ್ಲ. ಆದರೆ ಗಂಡನ ಮೇಲಧಿಕಾರಿ, ಇಲ್ಲ ಎನ್ನಲಾದೀತೇ? ಕೊಟ್ಟೆ. ಮಧ್ಯಾಹ್ನ ನಮ್ಮವರು ಊಟಕ್ಕೆ ಬಂದಾಗ ಕಾಗದದಲ್ಲಿ ಸುತ್ತಿ ಅರ್ಧ ಸೂಜಿ ತಂದರು. ಕಣ್ಣಿನ ಕಡೆಯ ಅರ್ಧ ಮಾತ್ರ.

"ತುದಿ ಎಲ್ಲಿ?" ಎಂದೆ.

"ಎಲ್ಲೋ ಬಿದ್ದಿರುತ್ತೆ ಬಿಡೇ. ಕ್ಷಮಿಸಿ ಅಂತ ಹೇಳಿದ್ದಾರೆ. ಕಿವಿ ಈಗ ಲಕಲಕ ಅಂತಿದೆಯಂತೆ."

ನನಗೆ ಮೈಯೆಲ್ಲ ಉರಿಯಿತು. ಸೂಜಿ ಮುರಿದರೆ ಎರಡೂ ತುಂಡು ಸಿಗುವವರೆಗೆ ಹೊಲಿಗೆಯವರು ಏಳುವುದಿಲ್ಲ. ಯಾರ ಕಾಲಿಗೆ, ಯಾವ ಮಗುವಿನ ಅಂಗೈಗೆ ಚುಚ್ಚುತ್ತದೋ ಯಾರಿಗೆ ಗೊತ್ತು? "ಒಂದು ತುದಿ ಹುಡುಕೋಕಾಗದೋರು ಅಂಚೆ ಕಚೇರಿ ಹೇಗೆ ನಡೆಸ್ತಾರೋ!" ಎಂದು ಕೂಗಾಡಿದೆ. ಉಳಿದ ಅರ್ಧವನ್ನು ಅಯಸ್ಕಾಂತದ ಡಬ್ಬಿಗೆ ಹಾಕಿ, ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡೆ. ನಾಟಕಕ್ಕೆ ಹೋದಾಗ ಆ ನೆಲ ಗುಡಿಸಿಯೇ ಬರುವುದೆಂದು ಹಟ. ನಮ್ಮವರು ಸದ್ದಿಲ್ಲದೆ ಉಂಡು ಜಾಗ ಖಾಲಿ ಮಾಡಿದರು. ಹೊರಡುವಾಗ ಒಂದು ಒಳ್ಳೇ ಮಾತು ಸಹ ಆಡಲಿಲ್ಲ ನಾನು.

ಮೊದಲ ಅಂಕ ನನಗೆ ಬಾಯಿಪಾಠ. ಎರಡನೆಯದಕ್ಕೆ ಅಕ್ಕ ಭಾವನ ಜೊತೆ ಹೋಗುವುದೆಂದು ಮಾತಾಗಿತ್ತು. ಮೂರೂವರೆಗೆ ಅವರ ಮನೆಗೆ ಹೋದಾಗ ಅಕ್ಕ ಇನ್ನೂ ತಲೆ ಬಾಚುತ್ತಿದ್ದಳು. ಭಾವ ಮೇಜಿನ ಮುಂದೆ ಪೆನ್ಸಿಲ್ ಅಚ್ಚುಗಳನ್ನು ಒಂದು ಹೊಸ ಪುಸ್ತಕಕ್ಕೆ ಅಂಟಿಸುತ್ತಿದ್ದರು. ವಸ್ತುಸಂಗ್ರಹಾಲಯದವರು ನೋಡಬೇಕೆಂದು ಕೇಳಿದ್ದರಂತೆ, ಆ ಹಿಗ್ಗು ಬೇರೆ. ಆರನೆಯದು ಅಂಟಿಸಿದರು. ಏಳನೆಯದನ್ನು ಅದರ ಪಕ್ಕದಲ್ಲಿಟ್ಟರು. ಕೈ ಅಲ್ಲೇ ನಿಂತಿತು.

ಭೂತಗನ್ನಡಿ ಎತ್ತಿಕೊಂಡರು. ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು.

"ಕತ್ತರಿ, ಇಲ್ಲಿ ಬಾ."

ಆ ದನಿ ಕೇಳಿ ನಾನು ಕೂಡಲೇ ಹತ್ತಿರ ಹೋದೆ.

"ಇದು ಬಂದೂಕು ಹುಟ್ಟಿದಾಗ ಬಾಲದ ಹತ್ರ ಹೊಡೆದ ಮುದ್ರೆ. ಆಮೇಲೆ ಕದಕ್ಕೆ ಅಂತ ಕೊರೀತಾರೆ. ಕೊರೆದಾಗ ಮುದ್ರೆ ಅರ್ಧ ಹೋಗ್ಬೇಕು. ಆರರಲ್ಲಿ ಹೋಗಿದೆ ನೋಡು, ಅರ್ಧ ಚಂದ್ರನ ಹಾಗಿದೆ. ಉಳಿದವುಗಳಲ್ಲೂ ಹೋಗಿದೆ. ಏಳರಲ್ಲಿ ಪೂರ್ತಿ ಇದೆ."

"ಇದ್ರೆ ಒಳ್ಳೇದೇ ಅಲ್ವಾ ಭಾವ?"

"ಅಂದ್ರೆ ಕೊರೆದೇ ಇಲ್ಲ. ಅದು ಕದ ಅಲ್ಲ ಕಣಮ್ಮ. ಮೇಲೆ ತಗಡು ಬೆಸೆದು, ಕೀಲು ಕೂರಿಸಿ, ಕದದ ಹಾಗೆ ಮಾಡಿದ್ದಾರೆ. ಕಾವಲುಗಾರನ ಕೈಲಿ ಹೊಸ ಬಂದೂಕಿದೆ ಅಂತ ಡೌಲು ತೋರಿಸೋಕೆ. ಅದಕ್ಕೇ ಅದು ತೆರೀಲಿಲ್ಲ. ಒಳಗೆ ಹಳೇ ನಳಿಕೆ ಹಾಗೇ ಇದೆ."

ಅವರ ತುಟಿ ಬಿಳಿಚಿಕೊಂಡಿತ್ತು. "ಕದ ಇಲ್ಲ ಅಂದ್ಮೇಲೆ ಕಡ್ಡಿ ಒಂದೇ ಬೆರಳು ಬಾಕಿ ಉಳಿಸ್ಬೇಕಿತ್ತು. ನಾಲ್ಕು ಉಳಿಸ್ತು. ಕದದ ಜಾಗ ಅಂತ ನಾನು ಕಳೆದುಬಿಟ್ಟೆ. ಆ ಇನ್ನೊಂದು ಮೂರು ಬೆರಳು..."

"ಮೂರು ಬೆರಳು ಏನು ಭಾವ?"

"ಮದ್ದು. ಗುಂಡು."

ಗೋಡೆ ಗಡಿಯಾರ ನಾಲ್ಕಕ್ಕೆ ಹದಿನೈದು ನಿಮಿಷ ಬಾಕಿ ತೋರಿಸುತ್ತಿತ್ತು. ಎರಡನೇ ಅಂಕ ಮುಗಿಯುವುದು ನಾಲ್ಕಕ್ಕೆ. ನಮ್ಮವರ ಫೋನು ಸ್ವಿಚ್ ಆಫ್. ಪೋಸ್ಟ್ ಮಾಸ್ಟರದ್ದೂ ಹಾಗೇ. ಸಭಾಂಗಣದ ಫೋನು ಒಂದೇ ಸಮನೆ ಹೊಡೆದುಕೊಂಡಿತು, ಎತ್ತುವವರಿಲ್ಲ. "ನಾನು ಮಾಡ್ತಾನೇ ಇರ್ತೀನಿ, ನೀವು ಓಡಿ!" ಎಂದು ಅಕ್ಕ ಅರ್ಧ ಬಾಚಿದ ತಲೆಯಲ್ಲೇ ಫೋನು ಕಿತ್ತುಕೊಂಡಳು.

ನನ್ನ ಸ್ಕೂಟರಿನ ಹಿಂದೆ ಭಾವ ಎಂದೂ ಕೂತವರಲ್ಲ. ನಾನು ರಸ್ತೆಯ ಒಂದು ಗುಂಡಿಯನ್ನೂ ಬಿಡುವುದಿಲ್ಲ ಎಂಬುದು ಅವರ ದೂರು. ಆ ದಿನ ಮಾತಿಲ್ಲದೆ ಹತ್ತಿ ಕೂತು ನನ್ನ ಭುಜ ಹಿಡಿದರು. ಮಾರ್ಕೆಟ್ಟಿನ ತಿರುವು, ಬ್ಯಾಂಕಿನ ಮುಂದಿನ ದೀಪ, ಯಾವುದನ್ನೂ ನಾನು ನೋಡಲಿಲ್ಲ. ಹಿಂದಿನಿಂದ ಒಂದೇ ಗೊಣಗಾಟ.

"ನಾನೇ ಬರೆದದ್ದು. ಖಾಲಿ ಅಂತ ನಾನೇ ಬರೆದದ್ದು."

"ಬಾಯಿ ಮುಚ್ಕೊಂಡು ಕೂತ್ಕೊಳ್ಳಿ!" ಎಂದು ಕಿರುಚಿದೆ. ಭಾವನಿಗೆ ನಾನು ಆಡಿದ ಅಂಥ ಮಾತು ಅದೇ ಮೊದಲು, ಅದೇ ಕೊನೆ. ಕೋಪ ಅವರ ಮೇಲಷ್ಟೇ ಅಲ್ಲ, ನನ್ನ ಮೇಲೂ. ಒಂದು ತಿಂಗಳು ತಾಲೀಮಿನಲ್ಲಿ ಏನೂ ಆಗಲಿಲ್ಲವೆಂದರೆ ಆ ಕಿವಿಯಲ್ಲಿ ಕೊಳೆ ಕೂತು ಬೆಂಕಿ ಒಳಗೆ ಹೋಗುತ್ತಿರಲಿಲ್ಲ. ಆ ಕೊಳೆ ತೆಗೆಯಲು ಸೂಜಿ ಕೊಟ್ಟವಳು ಯಾರು? ಕಿವಿ ಈಗ ಲಕಲಕ ಎನ್ನುತ್ತಿದೆ. ನನ್ನ ಕೈಯಾರೆ, ನನ್ನದೇ ಗಂಡನಿಗೆ.

ಸಭಾಂಗಣದ ಬಾಗಿಲು ತಳ್ಳಿ ಒಳಗೆ ನುಗ್ಗಿದೆವು. ಒಳಗೆಲ್ಲ ಕತ್ತಲೆ, ವೇದಿಕೆಯ ಮೇಲೆ ಮಾತ್ರ ಬೆಳಕು. ನಮ್ಮವರು ರಟ್ಟಿನ ಗೋಡೆಗೆ ಒರಗಿ ನಿಂತಿದ್ದರು. ಪೋಸ್ಟ್ ಮಾಸ್ಟರ್ ಆಗಲೇ ಬಂದೂಕು ಎತ್ತಿದ್ದರು. ಎರಡು ಮಾರು ಪಕ್ಕಕ್ಕೆ ಅಂದದ್ದು ಎಲ್ಲಿ ಹೋಯಿತೋ, ಜನ ತುಂಬಿದ ಉತ್ಸಾಹದಲ್ಲಿ ನಳಿಕೆ ನೇರ ನಮ್ಮವರ ಎದೆಗೇ ನಿಂತಿತ್ತು.

ಜನ್ಮದಲ್ಲಿ ದನಿ ಏರಿಸದ ಭಾವ ಕೂಗಿದರು. "ಹೊಡೀಬೇಡಿ! ನಿಲ್ಸಿ! ತುಂಬಿದೆ ಅದು! ತುಂಬಿದೆ!"

ಜನ ತಿರುಗಿ ನೋಡಿದರು. ಯಾರೋ ಶ್ ಎಂದರು, ಯಾರೋ ನಕ್ಕರು. ನಾಟಕದಲ್ಲಿ ಇದೂ ಒಂದು ಭಾಗ ಅಂದುಕೊಂಡರೋ ಏನೋ. ಏನೇ ಆದರೂ ಆಟ ನಿಲ್ಲಿಸಬಾರದೆಂದು ಒಂದು ತಿಂಗಳು ಎಲ್ಲರಿಗೂ ಪಾಠ ಹೇಳಿದ್ದ ಪೋಸ್ಟ್ ಮಾಸ್ಟರ್ ನಿಲ್ಲಿಸಲಿಲ್ಲ. ಕುದುರೆ ಎಳೆದೇಬಿಟ್ಟರು.

ಫಟ್. ಕೆಂಪಗೆ ಒಂದು ಕಿಡಿ. ನಮ್ಮವರು ಬಿದ್ದರು.

ಕೈ ಚಾಚಲಿಲ್ಲ, ಜಾಗ ನೋಡಲಿಲ್ಲ, ಮೊಣಕಾಲು ಊರಲಿಲ್ಲ. ದೊಪ್ಪೆಂದು ಬಿದ್ದರು. ನಾನು ಹೇಗೆ ವೇದಿಕೆ ಹತ್ತಿದೆನೋ ಇಂದಿಗೂ ಗೊತ್ತಿಲ್ಲ. ಅಂಗಿ ಹಿಡಿದು ಎದೆಯೆಲ್ಲ ತಡಕಿದೆ. ನೆತ್ತರಿಲ್ಲ. ತೂತಿಲ್ಲ. ನಾನೇ ಹೊಲಿದ ಸಿಪಾಯಿ ಅಂಗಿ, ಒಂದು ಗುಂಡಿಯೂ ಹೋಗಿಲ್ಲ. ಅವರು ಒಂದೇ ಕಣ್ಣು ತೆರೆದರು.

"ಹೊಡೆದಾಯ್ತೇನೇ? ನಾನು ಇದ್ದೀನಾ?"

ಕೆನ್ನೆಗೆ ಒಂದು ಬಿಟ್ಟೆ. ಆಮೇಲೆ ಅದೇ ಕೆನ್ನೆ ಅಪ್ಪಿಕೊಂಡು ಗೊಳೋ ಎಂದು ಅತ್ತೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಹೆಂಡತಿ ಪಾತ್ರದವಳು ಚೆನ್ನಾಗಿ ಮಾಡಿದಳಂತೆ. "ತುಂಬಿದೆ ಅಂತ ಭಾವನ ದನಿ ಕೇಳಿಸ್ತು ಕಣೇ," ಎಂದು ನಮ್ಮವರು ಆಮೇಲೆ ಹೇಳಿದರು. "ನಾನು ನಟಿಸ್ಲಿಲ್ಲ. ಕಾಲು ತಾನಾಗೇ ಕುಸೀತು."

ಭಾವ ವೇದಿಕೆಗೆ ಬಂದು, ಪೋಸ್ಟ್ ಮಾಸ್ಟರ ಕೈಯಿಂದ ಬಂದೂಕು ತೆಗೆದುಕೊಂಡು, ಬಾಯನ್ನು ಮೇಲಕ್ಕೆ ಹಿಡಿದು ಹಿತ್ತಲಿನ ಖಾಲಿ ಜಾಗಕ್ಕೆ ನಡೆದರು. ನಾವೆಲ್ಲ ಹಿಂದೆ ಹೋದೆವು. "ದೂರ ನಿಲ್ಲಿ," ಎಂದು ಗದರಿದರು. ನಳಿಕೆಗೆ ನೀರು ಸುರಿದು ಬಹಳ ಹೊತ್ತು ಬಿಟ್ಟರು. ತಾಲೀಮು ನೋಡಲು ಬರುವಾಗ ತಂದು ಅಲ್ಲೇ ಬಿಟ್ಟಿದ್ದ ಅವರ ಕೈಚೀಲದಲ್ಲಿ ತಿರುಪಿನ ಮೂತಿಯ ಒಂದು ಸಲಾಕೆ ಇತ್ತು. ಅದನ್ನು ಬಾಯಿಂದ ಒಳಗೆ ಬಿಟ್ಟು, ತಿರುಗಿಸಿ ತಿರುಗಿಸಿ ಎಳೆದರು. ಮೊದಲು ಬಂದದ್ದು ಚಿಂದಿ ಬಟ್ಟೆ. ಹೊಲಿಗೆಯವಳಲ್ಲವೇ, ನನ್ನ ಕಣ್ಣು ಅದರ ನೇಯ್ಗೆಗೇ ಹೋಯಿತು. ಕೈಮಗ್ಗದ ದಪ್ಪ ಬಟ್ಟೆ, ಅಂಚು ಹರಿದದ್ದು. ಆಮೇಲೆ ಸೀಸದ ಗುಂಡು, ನೆಲ್ಲಿಕಾಯಿ ಗಾತ್ರದ್ದು, ಠಣ್ ಎಂದು ಕಲ್ಲಿನ ಮೇಲೆ ಬಿತ್ತು. ಕೊನೆಗೆ ಕಪ್ಪು ಮದ್ದು ನೀರಿನ ಜೊತೆ ಇಳಿಯಿತು. ಮೂರು ಬೆರಳು, ಸರಿಯಾಗಿ ಮೂರು ಬೆರಳು.

ತಳದಲ್ಲಿ ನೀರು ತಾಗದ ಒಂದು ಚಿಟಿಕೆ ಉಳಿದಿತ್ತು. ಭಾವ ಅದನ್ನು ಹೆಂಚಿನ ಚೂರಿನ ಮೇಲೆ ಹರಡಿ ದೂರದಿಂದ ಉರಿಯುವ ಕಡ್ಡಿ ಎಸೆದರು. ಭುಸ್ ಎಂದು ಆಳೆತ್ತರ ಹೊಗೆ ಎದ್ದಿತು. ಪೋಸ್ಟ್ ಮಾಸ್ಟರ್ ಮೆಟ್ಟಿಲ ಮೇಲೆ ಕುಸಿದು ಕೂತು ಮೀಸೆ ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಅಂಟಿಸಿದ ಮೀಸೆ, ಪುಣ್ಯಕ್ಕೆ.

"ಹಾಗಾದ್ರೆ ಯಾಕೆ ಹಾರಲಿಲ್ಲ ಭಾವ?" ಎಂದೆ.

ಅವರು ಕಿವಿಯ ಕೊಳವೆಯನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದರು. ಒಂದು ಸಣ್ಣ ಮೊಳೆಯಿಂದ ಹಿಂದಿನಿಂದ ತಟ್ಟಿದರು. ತುಕ್ಕಿನ ಪುಡಿಯ ಜೊತೆ ಏನೋ ಮಿಣುಕಿ ಅವರ ಅಂಗೈಗೆ ಬಿತ್ತು. ನಾನು ಚೀಲದಿಂದ ಡಬ್ಬಿ ತೆಗೆದೆ. ಕಣ್ಣಿನ ಕಡೆಯ ಅರ್ಧವನ್ನು ಅದರ ಪಕ್ಕದಲ್ಲಿಟ್ಟೆ. ಎರಡೂ ಕೂಡಿಕೊಂಡವು. ನನ್ನದೇ ಸೂಜಿ. ಲಕಲಕ ಎಂದದ್ದೆಲ್ಲ ಬರೀ ಬಾಯಿಮಾತು, ಮುರಿದ ತುದಿ ತೂತಿಗೆ ಬಿರಡೆ ಹಾಕಿದಂತೆ ಕೂತು ಕಿಡಿಯನ್ನು ಹೊರಗೇ ತಡೆದಿತ್ತು.

"ಬದುಕಿದೆಯಾ ಬಡಜೀವವೇ!" ಎಂದರು ನಮ್ಮವರು ತಮ್ಮ ಎದೆ ತಟ್ಟಿಕೊಂಡು. ನಾನು ಆ ಎರಡು ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಬೆಳಿಗ್ಗೆಯಿಂದ ಬೈದ ಬೈಗುಳವನ್ನೆಲ್ಲ ಪೋಸ್ಟ್ ಮಾಸ್ಟರ ಕಾಲಿಗೆ ಬಿದ್ದು ವಾಪಸ್ ತೆಗೆದುಕೊಳ್ಳುವಷ್ಟು ಸಂತೋಷವಾಗಿತ್ತು. ಬೀಳಲಿಲ್ಲ ಅನ್ನುವುದು ಬೇರೆ ಮಾತು. ಎದೆಗೆ ಗುರಿ ಇಟ್ಟದ್ದಕ್ಕೆ ಎರಡು ಮಾತು ಬಿಗಿಯಾಗಿಯೇ ಹೇಳಿದೆ.

ನಮಗೆಲ್ಲ ಹೋದ ಜೀವ ಬಂದಿತ್ತು, ಭಾವನಿಗೆ ಮಾತ್ರ ಬರಲಿಲ್ಲ. ಮನೆಗೆ ಹೋದವರು ಗೋಡೆಯ ಮೇಲಿನ ಹತ್ತೂ ಬಂದೂಕುಗಳನ್ನು ಇಳಿಸಿ ಚಾಪೆಯ ಮೇಲಿಟ್ಟರು. "ನಾಳೆ ಎಲ್ಲಾ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಡ್ತೀನಿ. ನನ್ನ ಅಳತೆಗೆ ಇನ್ನು ಬೆಲೆ ಇಲ್ಲ," ಎಂದರು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇವು ಬೇಡ ಅಂತ ಹತ್ತು ವರ್ಷ ಗಂಟಲು ಹರ್ಕೊಂಡೋಳು ನಾನು. ಆಗ ಕೇಳ್ಲಿಲ್ಲ. ಈಗ ನೀವು ಬೇಡ ಅಂದ್ರೆ ನಾನ್ಯಾಕೆ ಕೇಳ್ಲಿ? ಕಡ್ಡಿ ತನ್ನಿ." ಅವಳು ಬಂದೂಕು ಹಿಡಿದಳು, ಅವರು ಕಡ್ಡಿ ಬಿಟ್ಟರು. ಹತ್ತರ ಕದಗಳನ್ನೂ ತೆರೆದು, ಹಿಂದಿನಿಂದ ದೀಪ ಹಿಡಿದು ನೋಡಿದರು. ಹತ್ತೂ ಬರೆದಂತೆಯೇ ಇದ್ದವು. ಅಕ್ಕ ಒಂದೊಂದನ್ನೂ ಒರೆಸಿ ಗೂಟಕ್ಕೆ ಮಲಗಿಸಿದಳು.

ಏಳನೆಯದಕ್ಕೆ ಭಾವ ಹೊಸ ಚೀಟಿ ಬರೆದರು. "ಕದ ಸುಳ್ಳು. ನನ್ನ ಅಳತೆ ತಪ್ಪು." ಅಷ್ಟೇ. ಕೊನೆಯ ಸಾಲು ಬರೆಯಲಿಲ್ಲ. ಬಂದೂಕು ಈಗ ನಿಜಕ್ಕೂ ಖಾಲಿ, ಆದರೂ ಆ ಮಾತು ಅವರ ಪೆನ್ನಿಗೆ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮರುದಿನದಿಂದ ಮುಂದಿನ ಕೋಣೆಯ ಬಾಗಿಲೂ ತೆರೆಯಲಿಲ್ಲ. ಅಂಗಡಿಯವರು ತಕ್ಕಡಿ ಹೊತ್ತು ಬಂದು ಬಂದು ಹಿಂದಿರುಗಿದರು. "ನೋಡಿಕೊಟ್ಟು ಸರಿಯಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?" ಎಂದು ಅಕ್ಕನ ಹತ್ತಿರ ಅಂದರಂತೆ. ಆರು ದಿನ ಹಾಗೇ. ಅಕ್ಕ ಬೇಕೆಂದೇ ಉಪ್ಪು ಜಾಸ್ತಿ ಹಾಕಿದಳು, ಒಂದು ಪ್ರಶ್ನೆ ಇಲ್ಲದೆ ಉಂಡು ಎದ್ದರು. ಅಕ್ಕ ನನ್ನ ಅಂಗಡಿಗೆ ಬಂದು ಅತ್ತದ್ದು ಆಗ.

ಅರ್ಧಕ್ಕೆ ನಿಂತ ನಾಟಕವನ್ನು ಮುಂದಿನ ಭಾನುವಾರ ಮತ್ತೆ ಆಡಬೇಕೆಂದು ಜನ ಹಟ ಹಿಡಿದರು. ಬಂದೂಕಿನ ಮಾತು ಬಂತು. ಪೋಸ್ಟ್ ಮಾಸ್ಟರ್ ಒನಕೆಯಾದರೂ ಸರಿ ಎಂದರು. ನಮ್ಮವರು ಮಾತ್ರ, "ಭಾವನ ಬಂದೂಕೇ ಬೇಕು. ಇಲ್ದಿದ್ರೆ ನಾನು ಗೋಡೆಗೆ ನಿಲ್ಲಲ್ಲ," ಎಂದು ಕೂತರು. ಸಣಕಲು ಮನುಷ್ಯ, ಆದರೆ ಹಟಕ್ಕೆ ನಿಂತರೆ ಕಬ್ಬಿಣ. ಎಲ್ಲರೂ ನನ್ನ ಮುಖ ನೋಡಿದರು.

ನಾನು ಎದ್ದು ಭಾವನ ಮನೆಗೆ ಹೋದೆ. ಏಳನೆಯದು ಮೂಲೆಗೆ ಒರಗಿತ್ತು. ಭಾವ ಕಿಟಕಿಯ ಬಳಿ ಸುಮ್ಮನೆ ಕೂತಿದ್ದರು.

"ಕಡ್ಡಿ ಕೊಡಿ ಭಾವ."

ಏನೂ ಕೇಳದೆ ಕೊಟ್ಟರು. ನಾನು ಬಂದೂಕನ್ನು ಚಾಪೆಯ ಮೇಲಿಟ್ಟು, ಅವರು ಮಾಡುವುದನ್ನು ಎಷ್ಟು ಸಲ ನೋಡಿದ್ದೆನೋ ಹಾಗೇ, ಕಡ್ಡಿಯನ್ನು ಬಾಯಿಗೆ ಬಿಟ್ಟೆ. ತಳ ಮುಟ್ಟಿತು. ಹಿಡಿದೆ, ತೆಗೆದೆ, ಹೊರಮೈಗೆ ಹಿಡಿದು ನೋಡಿದೆ. ಬಾಲಕ್ಕೆ ಬೆರಳಿಟ್ಟು ಅಳೆದೆ.

"ಒಂದು ಬೆರಳು," ಎಂದೆ.

ಭಾವ ಕಿಟಕಿಯಿಂದ ಇತ್ತ ತಿರುಗಿ ನನ್ನ ಕೈ ನೋಡಿದರು. ಆಮೇಲೆ ಕೇಳಿದರು. "ಯಾರ ಬೆರಳು?"

ಒಳಗಿನಿಂದ ಪಾತ್ರೆ ಬಿದ್ದ ಸದ್ದು ಬಂತು. ಅಕ್ಕ ಬಾಗಿಲಿಗೆ ಓಡಿ ಬಂದು ನಿಂತಳು, ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ನನ್ನ ಬೆರಳು. ನಿಮ್ಮದಕ್ಕಿಂತ ಸಣ್ಣದು," ಎಂದೆ. "ನಂಬಿಕೆ ಇಲ್ದಿದ್ರೆ ನೀವೂ ಅಳೀರಿ. ನನಗೆ ನಿಮ್ಮ ಅಳತೆ ಮೇಲೆ ನಂಬಿಕೆ ಇದೆ, ಅದಕ್ಕೇ ಬಂದಿದ್ದು. ತಪ್ಪಾಗಿದೆ ಅಂತ ಮೊದಲು ಕಂಡ್ಹಿಡಿದೋರೂ ನೀವೇ ತಾನೆ?"

ಅವರು ಕೆಳಗೆ ಕೂತರು. ಕಡ್ಡಿ ಬಿಟ್ಟರು, ಹಿಡಿದರು, ತೆಗೆದರು. ಎರಡು ಸಲ ಅಳೆದರು. ಮೂರನೇ ಸಲಕ್ಕೆ ಕೈ ಹಾಕಿದಾಗ ಅಕ್ಕ ಪೆನ್ನು ತಂದು ಅವರ ಬೆರಳ ನಡುವೆ ತುರುಕಿದಳು. ಭಾವ ಚೀಟಿಯ ಕೊನೆಯಲ್ಲಿ ಬರೆದರು. ಅಳೆದಿದ್ದೇನೆ. ಖಾಲಿ. ಸಹಿ ಹಾಕಿದರು. ನಾನು ಸೂಜಿಯ ಎರಡು ತುಂಡುಗಳನ್ನು ಆ ಚೀಟಿಯ ಮೂಲೆಗೆ ದಾರದಿಂದ ಹೊಲಿದುಬಿಟ್ಟೆ. ಸೋಮವಾರ ಬೆಳಿಗ್ಗೆ ಮುಂದಿನ ಕೋಣೆಯ ಬಾಗಿಲು ತೆರೆಯಿತು.

ಅದರ ಹಿಂದಿನ ದಿನ, ಮರು ನಾಟಕದ ಭಾನುವಾರ, ನಾನು ಮೊದಲ ಸಾಲಿನಲ್ಲಿ ಅಕ್ಕ ಭಾವನ ನಡುವೆ ಕೂತಿದ್ದೆ. ಪೋಸ್ಟ್ ಮಾಸ್ಟರ್ ಎರಡಲ್ಲ, ನಾಲ್ಕು ಮಾರು ಪಕ್ಕಕ್ಕೆ ಗುರಿ ಇಟ್ಟರು. ಫಟ್ ಎಂದು ಗೋಡೆ ನಡುಗುವಂಥ ಸದ್ದು ಬಂತು. ನಮ್ಮವರು ಕೈ ಮುಂದೆ ಚಾಚಿದರು, ಬೀಳುವ ಜಾಗ ನೋಡಿಕೊಂಡರು, ಮೊಣಕಾಲು ಊರಿದರು, ನಿಧಾನಕ್ಕೆ ಮಲಗಿಕೊಂಡರು. ಅಷ್ಟು ಕೆಟ್ಟ ನಟನೆಗೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ.